ಉಷ್ಣವಿದ್ಯುತ್ ಸ್ಥಾವರಗಳ ಹೊಗೆ: ಯಂತ್ರದ ಮಿತಿ, ಮನುಷ್ಯನ ಹೊಣೆ

ವಿದ್ಯುಚ್ಛಕ್ತಿಯಿಲ್ಲದ ಬಾಳುವೆಯನ್ನು ಇಂದಿನ ಮಾನವನು ಊಹಿಸಿಕೊಳ್ಳಲಾರ. ಹೊಲದ ಪಂಪ್‌ಸೆಟ್ಟಿನಿಂದ ಹಿಡಿದು ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೊಠಡಿಯವರೆಗೆ, ಹಿಟ್ಟಿನ ಗಿರಣಿಯಿಂದ ಹಿಡಿದು ವಿದ್ಯಾರ್ಥಿಯ ಓದಿನ ಮೇಜಿನವರೆಗೆ ಅದರ ವ್ಯಾಪ್ತಿ ಹರಡಿಕೊಂಡಿದೆ. ಗುಂಡಿಯನ್ನು ಒತ್ತಿದೊಡನೆ ದೀಪ ಬೆಳಗುತ್ತದೆ. ಆ ದೀಪದಲ್ಲಿ ಹೊಗೆಯಿಲ್ಲ, ಮಸಿಯಿಲ್ಲ, ಎಣ್ಣೆಯ ಕಮಟು ವಾಸನೆಯಿಲ್ಲ. ಕಂದೀಲಿನ ಮುಂದೆ ಕುಳಿತು ಓದಿದ ಹಳೆಯ ತಲೆಮಾರಿನವರಿಗೆ ಈ ಶುಭ್ರತೆ ಒಂದು ಪವಾಡದಂತೆಯೇ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಹೊಗೆ ನಿಜವಾಗಿಯೂ ಇಲ್ಲವಾಯಿತೆ? ಇಲ್ಲ. ಅದು ಮನೆಯನ್ನು ಬಿಟ್ಟು ಬೇರೊಂದು ಊರಿಗೆ ಹೋಗಿ ನೆಲಸಿದೆ, ಅಷ್ಟೆ. ಬೆಳಕು ಒಬ್ಬರ ಮನೆಯಲ್ಲಿ, ಹೊಗೆ ಇನ್ನೊಬ್ಬರ ಅಂಗಳದಲ್ಲಿ ಎಂಬ ಈ ವ್ಯವಸ್ಥೆಯನ್ನು ಕುರಿತು ವಿಚಾರ ಮಾಡುವುದು ವಿದ್ಯುತ್ತನ್ನು ಬಳಸುವ ಪ್ರತಿಯೊಬ್ಬರ ಕರ್ತವ್ಯವಾಗಿದೆ.

ಕರ್ನಾಟಕದ ವಿದ್ಯುತ್ತಿನ ಚರಿತ್ರೆ ನೀರಿನಿಂದ ಪ್ರಾರಂಭವಾಯಿತೆಂಬುದು ಸರ್ವವಿದಿತ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ತಂತಿಯ ಮೂಲಕ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಅನಂತರ ಶರಾವತಿಯೂ ಕಾಳಿಯೂ ನಾಡಿಗೆ ಬೆಳಕನ್ನಿತ್ತವು. ಜಲವಿದ್ಯುತ್ತಿನಲ್ಲಿ ಹೊಗೆಯ ಪ್ರಶ್ನೆಯೇ ಇರಲಿಲ್ಲ. ಆದರೆ ಮಳೆಯನ್ನೇ ನೆಚ್ಚಿದ ವಿದ್ಯುತ್ತು ಮಳೆಯೊಡನೆಯೇ ಕೈಕೊಡುತ್ತಿತ್ತು. ಜಲಾಶಯಗಳು ತುಂಬದ ವರ್ಷಗಳಲ್ಲಿ ಕಾರ್ಖಾನೆಗಳು ನಿಂತವು, ಪಂಪ್‌ಸೆಟ್ಟುಗಳು ಮೂಕವಾದವು, ಪರೀಕ್ಷೆಯ ದಿನಗಳಲ್ಲಿಯೇ ಹಳ್ಳಿಗಳು ಕತ್ತಲೆಯಲ್ಲಿ ಮುಳುಗಿದವು. ಈ ಸಂಕಟದಿಂದ ಪಾರಾಗುವ ದಾರಿಯಾಗಿ 1985ರಲ್ಲಿ ಕೃಷ್ಣಾ ನದಿಯ ದಡದಲ್ಲಿ ರಾಯಚೂರಿನ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಮೊದಲ ಘಟಕ ಉತ್ಪಾದನೆಯನ್ನು ಆರಂಭಿಸಿತು. ಕಾಲಕ್ರಮದಲ್ಲಿ ಅದು ಎಂಟು ಘಟಕಗಳ 1720 ಮೆಗಾವಾಟ್ ಸ್ಥಾವರವಾಗಿ ಬೆಳೆಯಿತು. ಬಳ್ಳಾರಿಯ ಕುಡಿತಿನಿಯಲ್ಲಿಯೂ ರಾಯಚೂರಿನ ಬಳಿಯ ಯರಮರಸಿನಲ್ಲಿಯೂ ಮುಂದೆ ಇಂಥವೇ ಬೃಹತ್ ಸ್ಥಾವರಗಳು ತಲೆಯೆತ್ತಿದವು.

ಆದ್ದರಿಂದ ಕಲ್ಲಿದ್ದಲನ್ನು ಹಳಿಯುವ ಮುನ್ನ ಅದರ ಋಣವನ್ನು ಒಪ್ಪಿಕೊಳ್ಳಬೇಕು. ಬರಗಾಲದಲ್ಲಿ ನಾಡಿನ ಕೈಹಿಡಿದದ್ದು ಅದು. ಇಂದಿಗೂ ಭಾರತದ ವಿದ್ಯುತ್ತಿನ ಅತಿ ದೊಡ್ಡ ಪಾಲು ಕಲ್ಲಿದ್ದಲಿನಿಂದಲೇ ಬರುತ್ತಿದೆ. ಫ್ಯಾನಿನ ಗಾಳಿಯಲ್ಲಿ ಕುಳಿತು ಕಲ್ಲಿದ್ದಲನ್ನು ಶಪಿಸುವುದು ಸುಲಭ, ಅದು ಪ್ರಾಮಾಣಿಕವಲ್ಲ. ಪ್ರಶ್ನೆ ಇರುವುದು ಇಷ್ಟೆ: ಈ ಸ್ಥಾವರಗಳು ನಡೆಯುವಷ್ಟು ಕಾಲ ಅವು ಹೇಗೆ ನಡೆಯಬೇಕು? ಅವುಗಳ ಹೊಗೆಯನ್ನು ತೊಳೆಯುವ ಯಂತ್ರಗಳು ಇವೆಯೇ? ಇದ್ದರೆ ಏಕೆ ಬಳಕೆಗೆ ಬಂದಿಲ್ಲ? ಇಲ್ಲದಿದ್ದರೆ, ಇವೆಯೆಂದು ಹೇಳಿ ಜನರನ್ನು ನಂಬಿಸುವುದು ಸರಿಯೆ?

ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವಾಗ ಒಂದು ಸಂಗತಿಯನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಚಿಮಣಿಯಿಂದ ಹೊರಡುವ ಹೊಗೆ ಒಂದೇ ವಸ್ತುವಲ್ಲ. ಅದರಲ್ಲಿ ಬೂದಿಯಿದೆ, ಗಂಧಕ ಮತ್ತು ನೈಟ್ರೋಜನ್ನಿನ ಆಮ್ಲಜನಕ ಅನಿಲಗಳಿವೆ, ಇಂಗಾಲದ ಡೈ ಆಕ್ಸೈಡ್ ಇದೆ. ಮೂರೂ ಬೇರೆ ಬೇರೆ ರೋಗಗಳು; ಮೂರಕ್ಕೂ ಮದ್ದು ಬೇರೆ. ಮೊದಲಿನ ಎರಡಕ್ಕೆ ಪರೀಕ್ಷಿತವಾದ ಮದ್ದು ಬಹುಕಾಲದಿಂದ ಇದೆ. ಮೂರನೆಯದಕ್ಕೆ ಇನ್ನೂ ನೆಚ್ಚಬಹುದಾದ ಮದ್ದು ಸಿದ್ಧವಾಗಿಲ್ಲ. ಆದರೆ ವ್ಯವಹಾರದಲ್ಲಿ ನಡೆಯುತ್ತಿರುವುದು ಇದಕ್ಕೆ ವಿಪರೀತ. ಇರುವ ಮದ್ದನ್ನು ದುಬಾರಿಯೆಂದು ಮುಂದೂಡಲಾಗುತ್ತಿದೆ. ಇಲ್ಲದ ಮದ್ದನ್ನು ಬಂದೇಬಿಟ್ಟಿತೆಂದು ಹೊಗಳಲಾಗುತ್ತಿದೆ. ಈ ವಿಪರ್ಯಾಸವೇ ಈ ಲೇಖನದ ವಿಷಯ.

ಬೂದಿಯ ಸಮಸ್ಯೆ

ಭಾರತದ ಕಲ್ಲಿದ್ದಲಿನ ವಿಶಿಷ್ಟ ಲಕ್ಷಣವೆಂದರೆ ಅದರಲ್ಲಿರುವ ಬೂದಿಯ ಪ್ರಮಾಣ. ನೂರು ಕಿಲೋಗ್ರಾಂ ಕಲ್ಲಿದ್ದಲನ್ನು ಸುಟ್ಟರೆ ಮೂವತ್ತರಿಂದ ನಲವತ್ತೈದು ಕಿಲೋಗ್ರಾಂ ಬೂದಿ ಉಳಿಯುತ್ತದೆ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ತೆಲಂಗಾಣದ ಸಿಂಗರೇಣಿ, ಮಹಾರಾಷ್ಟ್ರ, ಒಡಿಶಾಗಳಿಂದ ಅದು ರೈಲಿನಲ್ಲಿ ಬರಬೇಕು. ಎಂದರೆ ನೂರು ವ್ಯಾಗನ್ನುಗಳ ಪೈಕಿ ಮೂರನೆಯ ಒಂದು ಭಾಗಕ್ಕೂ ಮಿಗಿಲಾಗಿ ಉರಿಯದ ಕಲ್ಲುಮಣ್ಣನ್ನೇ ನೂರಾರು ಮೈಲಿ ಹೊತ್ತು ತಂದಂತಾಯಿತು. ಗಣಿಯ ಬಳಿಯಲ್ಲಿಯೇ ಕಲ್ಲಿದ್ದಲನ್ನು ತೊಳೆದು ಕಲ್ಲುಮಣ್ಣನ್ನು ಬೇರ್ಪಡಿಸುವ ವಿಧಾನವಿದೆ. ದೂರದ ಸ್ಥಾವರಗಳಿಗೆ ಹೋಗುವ ಕಲ್ಲಿದ್ದಲಿನಲ್ಲಿ ಬೂದಿ ಶೇಕಡಾ 34ನ್ನು ಮೀರಬಾರದೆಂದು 2014ರಲ್ಲಿ ಕೇಂದ್ರ ಸರಕಾರ ನಿಯಮವನ್ನೂ ಮಾಡಿತ್ತು. 2020ರ ಮೇ ತಿಂಗಳಿನಲ್ಲಿ ಆ ನಿರ್ಬಂಧವನ್ನು ತೆಗೆದುಹಾಕಲಾಯಿತು.

ಒಂದು ಸರಳ ಲೆಕ್ಕವನ್ನು ನೋಡಬಹುದು. 210 ಮೆಗಾವಾಟ್ ಸಾಮರ್ಥ್ಯದ ಒಂದು ಘಟಕ ಪೂರ್ಣ ಪ್ರಮಾಣದಲ್ಲಿ ನಡೆದರೆ, ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂನಂತೆ, ದಿನವೊಂದಕ್ಕೆ ಮೂರೂವರೆ ಸಾವಿರ ಟನ್ ಕಲ್ಲಿದ್ದಲನ್ನು ನುಂಗುತ್ತದೆ. ಅದರಿಂದ ಸುಮಾರು 1200 ಟನ್ ಬೂದಿ ಹುಟ್ಟುತ್ತದೆ. ಇದರಲ್ಲಿ ಐದನೆಯ ಒಂದು ಭಾಗ ಬಾಯ್ಲರಿನ ತಳಕ್ಕೆ ಬೀಳುತ್ತದೆ. ಉಳಿದದ್ದು, ಹತ್ತಿರಹತ್ತಿರ ಒಂದು ಸಾವಿರ ಟನ್, ಹಿಟ್ಟಿಗಿಂತಲೂ ನುಣುಪಾದ ಹಾರುಬೂದಿಯಾಗಿ ಬಿಸಿಗಾಳಿಯೊಡನೆ ಚಿಮಣಿಯ ಕಡೆಗೆ ಹೊರಡುತ್ತದೆ. ಅದನ್ನು ತಡೆಯದಿದ್ದರೆ ಸುತ್ತಲಿನ ಊರುಗಳು ಬೂದಿಯಲ್ಲಿ ಹೂತುಹೋಗುತ್ತವೆ.

ಈ ಬೂದಿಯನ್ನು ಹಿಡಿಯುವ ಉಪಕರಣ ಹೊಸದೇನೂ ಅಲ್ಲ. ಅಮೆರಿಕದ ಫ್ರೆಡರಿಕ್ ಕಾಟ್ರೆಲ್ ಎಂಬ ವಿಜ್ಞಾನಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಅದನ್ನು ರೂಪಿಸಿದ. ಅದರ ತತ್ತ್ವ ಸರಳವಾದುದು. ಎತ್ತರವಾದ ಲೋಹದ ಫಲಕಗಳ ನಡುವೆ ತಂತಿಗಳನ್ನು ಇಳಿಬಿಟ್ಟು, ಆ ತಂತಿಗಳಿಗೆ ಹತ್ತಾರು ಸಾವಿರ ವೋಲ್ಟಿನ ವಿದ್ಯುತ್ತನ್ನು ಕೊಡಲಾಗುತ್ತದೆ. ನಡುವೆ ಹಾಯುವ ಬೂದಿಯ ಕಣಗಳು ವಿದ್ಯುದಾವೇಶವನ್ನು ಪಡೆದು ಫಲಕಗಳಿಗೆ ಅಂಟಿಕೊಳ್ಳುತ್ತವೆ. ಬಾಚಣಿಗೆಯನ್ನು ತಲೆಗೂದಲಿಗೆ ತಿಕ್ಕಿ ಕಾಗದದ ಚೂರುಗಳನ್ನು ಎತ್ತುವ ಶಾಲೆಯ ಪ್ರಯೋಗದ ಹಿಂದೆಯೂ ಇಂಥದೇ ಆಕರ್ಷಣೆಯಿದೆ. ಆಗಾಗ ಸುತ್ತಿಗೆಗಳು ಫಲಕಗಳನ್ನು ತಟ್ಟುತ್ತವೆ. ಬೂದಿ ಕೆಳಗಿನ ತೊಟ್ಟಿಗೆ ಉದುರುತ್ತದೆ. ಇದರ ಬದಲು, ದೊಡ್ಡ ಬಟ್ಟೆಯ ಚೀಲಗಳ ಮೂಲಕ ಹೊಗೆಯನ್ನು ಹಾಯಿಸಿ ಸೋಸುವ ವಿಧಾನವೂ ಇದೆ.

ಇಂಥ ಉಪಕರಣಗಳ ದಕ್ಷತೆ ಶೇಕಡಾ 99ಕ್ಕೂ ಹೆಚ್ಚು ಎಂಬುದನ್ನು ಕೇಳಿದಾಗ ಸಾಮಾನ್ಯ ಮನುಷ್ಯನಿಗೆ ಸಮಾಧಾನವಾಗುವುದು ಸಹಜ. ಆದರೆ ಮೇಲಿನ ಲೆಕ್ಕವನ್ನು ಮರೆಯಬಾರದು. ಸಾವಿರ ಟನ್ನಿನಲ್ಲಿ ಶೇಕಡಾ 99 ಹಿಡಿದರೆ ದಿನಕ್ಕೆ ಹತ್ತು ಟನ್ ಬೂದಿ ಗಾಳಿಗೆ ಸೇರುತ್ತದೆ, ಶೇಕಡಾ 99.9 ಹಿಡಿದರೆ ಒಂದೇ ಟನ್. ಕಾಗದದ ಮೇಲೆ ಒಂದು ಅಂಕಕ್ಕಿಂತಲೂ ಕಡಿಮೆಯಾದ ಈ ಅಂತರ ಸುತ್ತಲಿನ ಜನರ ಶ್ವಾಸಕೋಶಕ್ಕೆ ಹತ್ತುಪಟ್ಟಿನ ಅಂತರ. ಫಲಕವೊಂದು ಕೆಟ್ಟಾಗ ದುರಸ್ತಿಯನ್ನು ಮುಂದಕ್ಕೆ ತಳ್ಳಿದರೆ ಇಲ್ಲವೆ ವಿದ್ಯುತ್ತಿನ ಉಳಿತಾಯಕ್ಕೆಂದು ಉಪಕರಣದ ಒಂದು ಭಾಗವನ್ನು ನಿಲ್ಲಿಸಿದರೆ ಆಗುವ ಹಾನಿ ಎಷ್ಟೆಂಬುದನ್ನು ಇದರಿಂದಲೇ ಅರಿಯಬಹುದು. ಇಲ್ಲಿ ಬೇಕಾದುದು ಹೊಸ ಆವಿಷ್ಕಾರವಲ್ಲ; ದಿನನಿತ್ಯದ ಎಚ್ಚರ.

ಹಿಡಿದ ಬೂದಿಯನ್ನು ಏನು ಮಾಡಬೇಕೆಂಬುದು ಮುಂದಿನ ಪ್ರಶ್ನೆ. ಅದನ್ನು ನೀರಿನಲ್ಲಿ ಕಲಸಿ ವಿಸ್ತಾರವಾದ ಕೆರೆಗಳಿಗೆ ಹರಿಸುವುದು ಹಳೆಯ ಪದ್ಧತಿ. ಬೇಸಿಗೆಯಲ್ಲಿ ಈ ಕೆರೆಗಳ ಮೇಲ್ಮೈ ಒಣಗಿದರೆ ಗಾಳಿ ಬೀಸಿದಾಗಲೆಲ್ಲ ಬೂದಿ ಮತ್ತೆ ಏಳುತ್ತದೆ. ಏರಿ ಒಡೆದರೆ ಅನಾಹುತವೇ ಸಂಭವಿಸುತ್ತದೆ. 2008ರ ಡಿಸೆಂಬರಿನಲ್ಲಿ ಅಮೆರಿಕದ ಟೆನೆಸ್ಸೀ ಸಂಸ್ಥಾನದ ಕಿಂಗ್‌ಸ್ಟನ್‌ನಲ್ಲಿಯೂ, 2020ರ ಏಪ್ರಿಲಿನಲ್ಲಿ ಮಧ್ಯಪ್ರದೇಶದ ಸಿಂಗ್ರೌಲಿಯಲ್ಲಿಯೂ ಬೂದಿಕೆರೆಯ ಏರಿ ಒಡೆಯಿತು. ಸಿಂಗ್ರೌಲಿಯಲ್ಲಿ ಜೀವಹಾನಿಯೂ ಆಯಿತು. ಆದರೆ ಇದೇ ಬೂದಿಯನ್ನು ಒಣಗಿದಂತೆಯೇ ಸಂಗ್ರಹಿಸಿದರೆ ಅದು ಕಸವಲ್ಲ, ಸರಕು. ಸಿಮೆಂಟಿನಲ್ಲಿ ಮೂರನೆಯ ಒಂದು ಭಾಗದವರೆಗೆ ಅದನ್ನು ಬೆರೆಸಬಹುದು; ಅಷ್ಟು ಸುಣ್ಣಕಲ್ಲನ್ನು ಸುಡುವ ಕೆಲಸವೂ ಅಷ್ಟು ಇಂಗಾಲದ ಹೊಗೆಯೂ ತಪ್ಪುತ್ತದೆ. ಅದರಿಂದ ಇಟ್ಟಿಗೆ ಮಾಡಿದರೆ ಹೊಲದ ಮೇಲ್ಮಣ್ಣು ಉಳಿಯುತ್ತದೆ. 1999ರಿಂದಲೂ ಕೇಂದ್ರ ಸರಕಾರ ಬೂದಿಯ ಬಳಕೆಯನ್ನು ನಿಯಮದ ಮೂಲಕ ಒತ್ತಾಯಿಸುತ್ತ ಬಂದಿದೆ. ಫಲವೂ ದೊರೆತಿದೆ. ಮಾಡಬೇಕೆಂದು ಹೊರಟರೆ ಮಾಡಬಹುದೆಂಬುದಕ್ಕೆ ಇದೊಂದು ನಿದರ್ಶನ.

ಗಂಧಕದ ಅನಿಲ

ಬೂದಿ ಕಣ್ಣಿಗೆ ಕಾಣುತ್ತದೆ. ಗಂಧಕದ ಡೈ ಆಕ್ಸೈಡ್ ಕಾಣುವುದಿಲ್ಲ. ಅದು ಮೂಗನ್ನೂ ಗಂಟಲನ್ನೂ ಉರಿಸುವ ಅನಿಲ. ಅದರ ಕೇಡು ಚಿಮಣಿಯ ಬಾಯಲ್ಲಿಯೇ ಮುಗಿಯುವುದಿಲ್ಲ. ಗಾಳಿಯಲ್ಲಿ ಸಾಗುತ್ತ ಅದು ತೇವದೊಡನೆಯೂ ಇತರ ಅನಿಲಗಳೊಡನೆಯೂ ಕೂಡಿ ಸಲ್ಫೇಟಿನ ಅತಿಸೂಕ್ಷ್ಮ ಕಣಗಳಾಗಿ ಮಾರ್ಪಡುತ್ತದೆ. ಕೂದಲೆಳೆಯ ಮೂವತ್ತನೆಯ ಒಂದು ಭಾಗದಷ್ಟು ಕಿರಿದಾದ ಇಂಥ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. 1952ರ ಡಿಸೆಂಬರಿನಲ್ಲಿ ಲಂಡನ್ ನಗರವನ್ನು ಐದು ದಿನಗಳ ಕಾಲ ಮುಚ್ಚಿದ ಮಂಜು ಕಲ್ಲಿದ್ದಲಿನ ಮಸಿ ಮತ್ತು ಗಂಧಕದಿಂದ ವಿಷವಾಗಿತ್ತು. ಸಾವಿರಾರು ಜನ ಸತ್ತರು. ನಾಲ್ಕು ವರ್ಷಗಳ ಅನಂತರ, 1956ರಲ್ಲಿ, ಬ್ರಿಟನ್ನು ಶುದ್ಧ ಗಾಳಿಯ ಕಾಯಿದೆಯನ್ನು ತಂದಿತು.

ಇದಕ್ಕೂ ಮದ್ದು ಹಳೆಯದೇ. ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದಲ್ಲಿ 1930ರ ದಶಕದಲ್ಲಿಯೇ ಹೊಗೆಯನ್ನು ನೀರಿನಿಂದ ತೊಳೆಯುವ ಏರ್ಪಾಡಿತ್ತು. ಇಂದಿನ ವಿಧಾನದಲ್ಲಿ ಸುಣ್ಣಕಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ, ಎತ್ತರವಾದ ಗೋಪುರದ ಮೇಲ್ಭಾಗದಿಂದ ಮಳೆಯಂತೆ ಸುರಿಸಲಾಗುತ್ತದೆ. ಕೆಳಗಿನಿಂದ ಏರುವ ಹೊಗೆಯಲ್ಲಿನ ಗಂಧಕದ ಅನಿಲ ಸುಣ್ಣದೊಡನೆ ಕೂಡುತ್ತದೆ. ಅದಕ್ಕೆ ಗಾಳಿಯನ್ನು ಊದಿದಾಗ ಕೊನೆಗೆ ದೊರೆಯುವುದು ಜಿಪ್ಸಂ. ಅದು ಸಿಮೆಂಟಿಗೂ ಗೋಡೆಯ ಹಲಗೆಗಳಿಗೂ ಬೇಕಾದ ವಸ್ತು. ಶೇಕಡಾ 90ಕ್ಕಿಂತ ಹೆಚ್ಚು ಗಂಧಕವನ್ನು ಹೀಗೆ ಹಿಡಿಯಬಹುದು. ಅರಣ್ಯಗಳು ಆಮ್ಲಮಳೆಯಿಂದ ಸಾಯುತ್ತಿವೆಯೆಂದು ಜನ ಕಳವಳಗೊಂಡಾಗ ಪಶ್ಚಿಮ ಜರ್ಮನಿ 1983ರಲ್ಲಿ ನಿಯಮವನ್ನು ಮಾಡಿ, ದೊಡ್ಡ ಸ್ಥಾವರಗಳಿಗೆ 1988ರವರೆಗೆ ಗಡುವು ಕೊಟ್ಟಿತು. ಹಳೆಯ ಸ್ಥಾವರಗಳಿಗೂ ಈ ಗೋಪುರಗಳು ಬಂದವು. ಕಲ್ಲಿದ್ದಲನ್ನೇ ನೆಚ್ಚಿದ ಚೀನಾ ದೇಶವೂ 2005ರ ಅನಂತರದ ಒಂದು ದಶಕದಲ್ಲಿ ತನ್ನ ಬಹುಪಾಲು ಸ್ಥಾವರಗಳಿಗೆ ಇದನ್ನು ಅಳವಡಿಸಿಕೊಂಡಿತು.

ಭಾರತದಲ್ಲಿ ನಡೆದುದೇನು? 2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಮಂತ್ರಾಲಯ ಉಷ್ಣವಿದ್ಯುತ್ ಸ್ಥಾವರಗಳ ಬೂದಿ, ಗಂಧಕ, ನೈಟ್ರೋಜನ್ ಆಕ್ಸೈಡುಗಳಿಗೆ ಮೊದಲ ಬಾರಿಗೆ ಕಟ್ಟುನಿಟ್ಟಾದ ಮಿತಿಗಳನ್ನು ಗೊತ್ತುಪಡಿಸಿತು. ಕೊಟ್ಟ ಕಾಲಾವಕಾಶ ಎರಡು ವರ್ಷ. ಆ ಗಡುವು 2022ಕ್ಕೆ ಹೋಯಿತು, ಅಲ್ಲಿಂದ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಕೊನೆಗೆ 2025ರ ಜುಲೈ 11ರ ಅಧಿಸೂಚನೆಯ ಪ್ರಕಾರ, ದೆಹಲಿ ರಾಜಧಾನಿ ವಲಯದ ಅಥವಾ ಹತ್ತು ಲಕ್ಷ ಜನಸಂಖ್ಯೆಯ ನಗರಗಳ ಹತ್ತು ಕಿಲೋಮೀಟರಿನೊಳಗಿನ ಸ್ಥಾವರಗಳು 2027ರ ಕೊನೆಯೊಳಗೆ ಗಂಧಕದ ಮಿತಿಯನ್ನು ಪಾಲಿಸಬೇಕು. ಈಗಾಗಲೇ ಗಾಳಿ ಕೆಟ್ಟಿರುವ ಪ್ರದೇಶಗಳ ಬಳಿಯವುಗಳ ವಿಷಯವನ್ನು ಒಂದೊಂದಾಗಿ ಪರಿಶೀಲಿಸಲಾಗುವುದು. ಉಳಿದವು, ಎಂದರೆ ದೇಶದ ನೂರಕ್ಕೆ ಸುಮಾರು 78 ಘಟಕಗಳು, ಚಿಮಣಿಯ ಎತ್ತರ ನಿಯಮಕ್ಕೆ ತಕ್ಕಂತಿದ್ದರೆ ಈ ಮಿತಿಯಿಂದ ಮುಕ್ತ.

ಈ ವಿನಾಯಿತಿಯ ಪರವಾಗಿ ಹೇಳಲಾಗುವ ಮಾತುಗಳನ್ನು ನ್ಯಾಯಬುದ್ಧಿಯಿಂದ ಪರಿಶೀಲಿಸಬೇಕು. ಮೊದಲನೆಯದು, ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಎಂಬುದು. ಇದು ಸತ್ಯ, ಸಾಮಾನ್ಯವಾಗಿ ಅದು ಶೇಕಡಾ ಅರ್ಧದ ಆಸುಪಾಸಿನಲ್ಲಿರುತ್ತದೆ. ಆದರೆ ಕಡಿಮೆಯನ್ನು ಬಹಳದಿಂದ ಗುಣಿಸಿದರೆ ಗುಣಲಬ್ಧ ಕಡಿಮೆಯಾಗಿ ಉಳಿಯುವುದಿಲ್ಲ. ದಿನಕ್ಕೆ ಮೂರೂವರೆ ಸಾವಿರ ಟನ್ ಕಲ್ಲಿದ್ದಲಿನಲ್ಲಿ ಶೇಕಡಾ ಅರ್ಧವೆಂದರೆ ಹದಿನೇಳೂವರೆ ಟನ್ ಗಂಧಕ. ಅದು ಉರಿದಾಗ ಎರಡುಪಟ್ಟು ತೂಕದ, ಎಂದರೆ 35 ಟನ್ ಅನಿಲವಾಗುತ್ತದೆ. ಒಂದೇ ಘಟಕದ ಒಂದು ದಿನದ ಲೆಕ್ಕ ಇದು. ಎರಡನೆಯದು, ಸುಣ್ಣಕಲ್ಲಿನ ಗೋಪುರದಿಂದ ಇಂಗಾಲದ ಡೈ ಆಕ್ಸೈಡ್ ಹೆಚ್ಚುತ್ತದೆ ಎಂಬ ಆಕ್ಷೇಪ. ಇದೂ ಸತ್ಯವೇ, ಆದರೆ ಎಷ್ಟು? ರಸಾಯನಶಾಸ್ತ್ರದ ಸಮೀಕರಣದಂತೆ 64 ಭಾಗ ಗಂಧಕದ ಡೈ ಆಕ್ಸೈಡನ್ನು ಹಿಡಿದರೆ 44 ಭಾಗ ಇಂಗಾಲದ ಡೈ ಆಕ್ಸೈಡ್ ಬಿಡುಗಡೆಯಾಗುತ್ತದೆ. 35 ಟನ್ನಿಗೆ ಅದು ಸುಮಾರು 24 ಟನ್. ಅದೇ ಘಟಕದ ಬಾಯ್ಲರ್ ದಿನಕ್ಕೆ ಸುಮಾರು 5000 ಟನ್ ಇಂಗಾಲದ ಡೈ ಆಕ್ಸೈಡನ್ನು ಉಗುಳುತ್ತದೆ. ಗೋಪುರವನ್ನು ನಡೆಸಲು ಬೇಕಾಗುವ ಅಲ್ಪ ವಿದ್ಯುತ್ತನ್ನು ಸೇರಿಸಿದರೂ ಈ ಹೆಚ್ಚಳ ನೂರಕ್ಕೆ ಎರಡರ ಆಸುಪಾಸಿನದು. ಕಲ್ಲಿದ್ದಲನ್ನು ಸುಡುವಾಗ ನೆನಪಾಗದ ಇಂಗಾಲ, ಹೊಗೆಯನ್ನು ತೊಳೆಯುವಾಗ ಮಾತ್ರ ನೆನಪಾಗುವುದು ವಿಚಿತ್ರವೇ ಸರಿ.

ನೀರಿನ ಕೊರತೆಯ ಆಕ್ಷೇಪ ಇವೆಲ್ಲಕ್ಕಿಂತ ಗಟ್ಟಿಯಾದುದು. ಬಿಸಿಲುನಾಡಿನಲ್ಲಿ ಹೊಗೆಯನ್ನು ತೊಳೆಯಲು ನದಿಯ ನೀರನ್ನು ಬಳಸುವ ಮುನ್ನ ಯೋಚಿಸಲೇಬೇಕು. ಆದರೆ ಹೆಚ್ಚು ನೀರು ಬೇಡದ, ಸುಣ್ಣದ ಪುಡಿಯನ್ನು ಒಣಗಿದಂತೆಯೇ ಹೊಗೆಯೊಳಕ್ಕೆ ಊದುವ ವಿಧಾನಗಳೂ ಇವೆ. ವೆಚ್ಚದ ಮಾತಂತೂ ನಿರ್ವಿವಾದ. ಗೋಪುರವನ್ನು ಕಟ್ಟಲು ಹಣ ಬೇಕು. ಯೂನಿಟ್ಟಿನ ಬೆಲೆ ಪೈಸೆಗಳ ಲೆಕ್ಕದಲ್ಲಿ ಏರುತ್ತದೆ. ಆದರೆ ಗೋಪುರವನ್ನು ಕಟ್ಟದಿದ್ದರೆ ವೆಚ್ಚ ತಪ್ಪಿತೆಂದು ಭಾವಿಸುವುದು ಭ್ರಮೆ. ಅದು ವಿದ್ಯುತ್ತಿನ ಬಿಲ್ಲಿನಿಂದ ಔಷಧದ ಅಂಗಡಿಯ ಬಿಲ್ಲಿಗೆ ವರ್ಗಾವಣೆಯಾಗುತ್ತದೆ. ಬಿಲ್ಲನ್ನು ನಾಡಿನ ಎಲ್ಲ ಬಳಕೆದಾರರೂ ಹಂಚಿಕೊಳ್ಳುತ್ತಾರೆ, ಕೆಮ್ಮನ್ನು ಹಂಚಿಕೊಳ್ಳಲಾಗದು.

ಇನ್ನು ಚಿಮಣಿಯ ಎತ್ತರದ ವಿಚಾರ. 210 ಮೆಗಾವಾಟಿನ ಘಟಕಕ್ಕೆ 220 ಮೀಟರ್, 500 ಮೆಗಾವಾಟಿಗೂ ಮಿಗಿಲಾದುದಕ್ಕೆ 275 ಮೀಟರ್ ಎತ್ತರದ ಚಿಮಣಿ ಇರಬೇಕೆಂಬುದು ಹಿಂದಿನಿಂದ ಬಂದ ನಿಯಮ. ಎತ್ತರದ ಚಿಮಣಿ ಬುಡದ ಊರಿನ ಕಷ್ಟವನ್ನು ಕಡಿಮೆ ಮಾಡುವುದು ನಿಜ. ಆದರೆ ಅದು ಗಂಧಕವನ್ನು ಹಿಡಿಯುವುದಿಲ್ಲ, ದೂರಕ್ಕೆ ಕಳುಹಿಸುತ್ತದೆ. ಬ್ರಿಟನ್ನಿನ ಎತ್ತರದ ಚಿಮಣಿಗಳ ಗಂಧಕ ಸಮುದ್ರವನ್ನು ದಾಟಿ ನಾರ್ವೆ, ಸ್ವೀಡನ್ನುಗಳ ಸರೋವರಗಳನ್ನು ಹುಳಿಯಾಗಿಸಿತೆಂಬುದು ಇಪ್ಪತ್ತನೆಯ ಶತಮಾನದ ಪಾಠ.

ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿಗೆ ನಾಟುವುದು ಈ ನಿಯಮದ ಒಳಗಿರುವ ಭೇದ. ಹತ್ತು ಲಕ್ಷ ಜನರಿರುವ ನಗರದ ಬಳಿಯ ಸ್ಥಾವರಕ್ಕೆ ಒಂದು ನೀತಿ, ಹಳ್ಳಿಗಳ ನಡುವಿನ ಸ್ಥಾವರಕ್ಕೆ ಇನ್ನೊಂದು ನೀತಿ. ರಾಯಚೂರು ಹತ್ತು ಲಕ್ಷದ ನಗರವಲ್ಲ. ಅಲ್ಲಿಯ ವಿದ್ಯುತ್ತು ಜಾಲವನ್ನು ಸೇರಿ ಬೆಂಗಳೂರಿನ ಮಹಡಿಗಳನ್ನೂ ಬೆಳಗಿಸುತ್ತದೆ. ಗಂಧಕ ಮಾತ್ರ ಅಲ್ಲಿಯೇ ಸುತ್ತಮುತ್ತ ಉಳಿಯುತ್ತದೆ. ಜನ ಹೆಚ್ಚಿರುವೆಡೆ ಮೊದಲು ರಕ್ಷಣೆ ಎಂಬುದು ಆಡಳಿತದ ದೃಷ್ಟಿಯಿಂದ ತರ್ಕಬದ್ಧವೆನಿಸಬಹುದು. ಆದರೆ ಮೊದಲು ನಗರ, ಆಮೇಲೆ ಹಳ್ಳಿ ಎಂದು ಕ್ರಮವನ್ನು ಗೊತ್ತುಪಡಿಸುವುದು ಒಂದು. ನಗರಕ್ಕೆ ಮಾತ್ರ, ಹಳ್ಳಿಗೆ ಎಂದಿಗೂ ಇಲ್ಲ ಎನ್ನುವುದು ಬೇರೊಂದು. ಹತ್ತಿಯ ಹೊಲದಲ್ಲಿ ದುಡಿಯುವ ಹೆಣ್ಣುಮಗಳ ಉಸಿರಿಗೂ ನಗರವಾಸಿಯ ಉಸಿರಿಗೂ ಬೆಲೆಯಲ್ಲಿ ವ್ಯತ್ಯಾಸವಿಲ್ಲ.

ನೈಟ್ರೋಜನ್ನಿನ ಆಕ್ಸೈಡುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜ್ವಾಲೆಗೆ ಗಾಳಿಯನ್ನು ಹಂತಹಂತವಾಗಿ ಕೊಟ್ಟು ಅದರ ಅತಿಯಾದ ಶಾಖವನ್ನು ತಗ್ಗಿಸಿದರೆ ಅವುಗಳ ಉತ್ಪತ್ತಿಯೇ ಇಳಿಯುತ್ತದೆ. ಉಳಿದುದನ್ನು ಅಮೋನಿಯಾದ ಸಹಾಯದಿಂದ ನೈಟ್ರೋಜನ್ ಮತ್ತು ನೀರಾಗಿ ಪರಿವರ್ತಿಸಬಹುದು. ಬೂದಿ ಹೆಚ್ಚಾಗಿರುವ ಕಲ್ಲಿದ್ದಲಿನಲ್ಲಿ ಈ ಎರಡನೆಯ ವಿಧಾನ ಸ್ವಲ್ಪ ಕಷ್ಟಸಾಧ್ಯ. ಮೊದಲನೆಯದು ಎಲ್ಲೆಡೆಯೂ ಸಾಧ್ಯ.

ಇಂಗಾಲದ ಪ್ರಶ್ನೆ

ಇಲ್ಲಿಯವರೆಗೆ ಹೇಳಿದುದು ಮದ್ದಿರುವ ರೋಗಗಳನ್ನು ಕುರಿತು. ಇಂಗಾಲದ ಡೈ ಆಕ್ಸೈಡಿನ ಮಾತೇ ಬೇರೆ. ಬೂದಿಯೂ ಗಂಧಕವೂ ಕಲ್ಲಿದ್ದಲಿನ ಕಲ್ಮಶಗಳು. ಇಂಗಾಲ ಕಲ್ಮಶವಲ್ಲ, ಅದೇ ಕಲ್ಲಿದ್ದಲು. ಅದು ಉರಿಯುವುದರಿಂದಲೇ ಶಾಖ. 12 ಭಾಗ ಇಂಗಾಲ 32 ಭಾಗ ಆಮ್ಲಜನಕದೊಡನೆ ಕೂಡಿ 44 ಭಾಗ ಅನಿಲವಾಗುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಹತ್ತಿರಹತ್ತಿರ ಒಂದು ಕಿಲೋಗ್ರಾಂ ಅನಿಲವೆಂಬುದು ಸ್ಥೂಲವಾದ ಲೆಕ್ಕ. ಈ ಅನಿಲ ಹೆಚ್ಚಿದಂತೆ ಭೂಮಿಯ ಶಾಖ ಏರುವುದೆಂದು ಸ್ವೀಡನ್ನಿನ ವಿಜ್ಞಾನಿ ಅರೇನಿಯಸ್ 1896ರಲ್ಲಿಯೇ ಲೆಕ್ಕಹಾಕಿ ತೋರಿಸಿದ್ದ. 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳತೆ ಆರಂಭವಾದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗ ಈ ಅನಿಲವಿತ್ತು. ಇಂದು ಅದು 420ನ್ನು ಮೀರಿದೆ.

ಇದನ್ನು ತಗ್ಗಿಸುವ ಮೊದಲ ಮಾರ್ಗ, ಅಷ್ಟೇ ವಿದ್ಯುತ್ತಿಗೆ ಕಡಿಮೆ ಕಲ್ಲಿದ್ದಲನ್ನು ಸುಡುವುದು. ನೀರಿನ ಆವಿಯ ಒತ್ತಡವನ್ನು ವಾತಾವರಣದ ಒತ್ತಡದ 220 ಪಟ್ಟಿಗೂ, ಶಾಖವನ್ನು 374 ಡಿಗ್ರಿಗೂ ಮಿಗಿಲಾಗಿ ಏರಿಸಿದರೆ ನೀರು ಮತ್ತು ಆವಿ ಎಂಬ ಭೇದವೇ ಅಳಿಯುತ್ತದೆ. ಈ ಸಂಧಿಬಿಂದುವಿನ ಆಚೆ ನಡೆಯುವ ಸ್ಥಾವರಗಳು ಹಳೆಯವುಗಳಿಗಿಂತ ನೂರಕ್ಕೆ ಹತ್ತರಷ್ಟು ಕಲ್ಲಿದ್ದಲನ್ನು ಉಳಿಸಬಲ್ಲವು. ಯರಮರಸಿನ 800 ಮೆಗಾವಾಟಿನ ಎರಡು ಘಟಕಗಳು ಈ ಬಗೆಯವು. ಇದು ಸ್ವಾಗತಾರ್ಹ, ಆದರೆ ಹತ್ತು ಹೋದರೂ ತೊಂಬತ್ತು ಉಳಿಯುತ್ತದೆಂಬುದನ್ನು ಮರೆಯಲಾಗದು.

ಎರಡನೆಯ ಮಾರ್ಗ, ಹೊರಟ ಇಂಗಾಲವನ್ನು ಹಿಡಿದು ಭೂಗರ್ಭದಲ್ಲಿ ಹೂಳುವುದು. ತಣಿದ ಹೊಗೆಯನ್ನು ಅಮೈನ್ ಎಂಬ ರಾಸಾಯನಿಕದ ದ್ರಾವಣದ ಮೂಲಕ ಹಾಯಿಸಿದರೆ ಅದು ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುತ್ತದೆ. ದ್ರಾವಣವನ್ನು ಸುಮಾರು 120 ಡಿಗ್ರಿಗೆ ಕಾಯಿಸಿದರೆ ಬಿಟ್ಟುಕೊಡುತ್ತದೆ. ವಿಜ್ಞಾನದಲ್ಲಿ ದೋಷವಿಲ್ಲ. ತೊಡಕಿರುವುದು ಪ್ರಮಾಣದಲ್ಲಿ. ಕಾಯಿಸುವುದಕ್ಕೂ ಅನಿಲವನ್ನು ಒತ್ತಿ ಸಾಗಿಸುವುದಕ್ಕೂ ಸ್ಥಾವರದ ಶಕ್ತಿಯಲ್ಲಿಯೇ ನಾಲ್ಕನೆಯ ಒಂದು ಭಾಗದಷ್ಟು ವ್ಯಯವಾಗುತ್ತದೆ. ಅದನ್ನು ತುಂಬಲು ಮತ್ತಷ್ಟು ಕಲ್ಲಿದ್ದಲು, ಮತ್ತಷ್ಟು ಬೂದಿ, ಮತ್ತಷ್ಟು ನೀರು ಬೇಕು.

ಅನುಭವವೂ ಎಚ್ಚರಿಕೆಯನ್ನೇ ಹೇಳುತ್ತದೆ. ಕೆನಡದ ಬೌಂಡರಿ ಡ್ಯಾಂ ಸ್ಥಾವರದ ಮೂರನೆಯ ಘಟಕ 2014ರಲ್ಲಿ ವರ್ಷಕ್ಕೆ ಹತ್ತು ಲಕ್ಷ ಟನ್ ಹಿಡಿಯುವ ಗುರಿಯಿಂದ ಕೆಲಸವನ್ನು ಆರಂಭಿಸಿತು. ಬಹುತೇಕ ವರ್ಷಗಳಲ್ಲಿ ಆ ಗುರಿಯನ್ನು ಮುಟ್ಟಲಿಲ್ಲ. ಅಮೆರಿಕದ ಟೆಕ್ಸಾಸಿನ ಪೆಟ್ರಾ ನೋವಾ 2017ರಲ್ಲಿ ಆರಂಭವಾಗಿ, ತೈಲದ ಬೆಲೆ ಕುಸಿದ 2020ರಲ್ಲಿ ನಿಂತು, 2023ರಲ್ಲಿ ಮರಳಿ ನಡೆಯಿತು. ಹಿಡಿದ ಅನಿಲವನ್ನು ಅದು ಬಳಸಿದುದು ಹಳೆಯ ಬಾವಿಗಳಿಂದ ಇನ್ನಷ್ಟು ತೈಲವನ್ನು ಹೊರತೆಗೆಯಲು. ಮಿಸಿಸಿಪಿಯ ಕೆಂಪರ್ ಯೋಜನೆ ಏಳು ನೂರು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ನುಂಗಿ, 2017ರಲ್ಲಿ ಕಲ್ಲಿದ್ದಲನ್ನೇ ಕೈಬಿಟ್ಟು ನೈಸರ್ಗಿಕ ಅನಿಲಕ್ಕೆ ತಿರುಗಿತು. ಭಾರತದಲ್ಲಿ ವಿಂಧ್ಯಾಚಲ ಸ್ಥಾವರದಲ್ಲಿ 2022ರಲ್ಲಿ ದಿನಕ್ಕೆ 20 ಟನ್ ಹಿಡಿಯುವ ಘಟಕ ಸ್ಥಾಪನೆಯಾಯಿತು. ಎಂಜಿನಿಯರುಗಳ ಈ ಪ್ರಯತ್ನ ಶ್ಲಾಘನೀಯ. ಆದರೆ 4760 ಮೆಗಾವಾಟಿನ ಆ ಸ್ಥಾವರ ಪೂರ್ಣವಾಗಿ ನಡೆದ ದಿನ ಹೊರಬೀಳುವ ಅನಿಲ ಸುಮಾರು ಒಂದು ಲಕ್ಷ ಟನ್. ಐದು ಸಾವಿರದಲ್ಲಿ ಒಂದು ಭಾಗ! ದಖನ್ನಿನ ಕಪ್ಪು ಬಸಾಲ್ಟ್ ಶಿಲೆಯಲ್ಲಿ ಈ ಅನಿಲವನ್ನು ಕಲ್ಲಾಗಿ ಮಾರ್ಪಡಿಸಬಹುದೆಂಬ ಆಶೆಯೂ ಇದೆ. ಐಸ್‌ಲ್ಯಾಂಡಿನ ಅಂಥದೇ ಶಿಲೆಯಲ್ಲಿ ಅದು ಸಣ್ಣ ಪ್ರಮಾಣದಲ್ಲಿ ಸಾಧ್ಯವಾಗಿದೆ. ಸಂಶೋಧನೆ ಮುಂದುವರಿಯಬೇಕು. ಸಿಮೆಂಟು, ಉಕ್ಕುಗಳಂಥ ಬೇರೆ ದಾರಿಯಿಲ್ಲದ ಉದ್ಯಮಗಳಿಗೆ ಅದು ಮುಂದೆ ಆಸರೆಯಾಗಲೂಬಹುದು. ಆದರೆ ಪ್ರಯೋಗಶಾಲೆಯ ಆಶೆಯನ್ನು ಮುಂದಿಟ್ಟುಕೊಂಡು ಇನ್ನೂ ನಲವತ್ತು ವರ್ಷ ಉರಿಯುವ ಹೊಸ ಬಾಯ್ಲರುಗಳನ್ನು ಕಟ್ಟುವುದು, ಬಾರದ ಮಳೆಯನ್ನು ನಂಬಿ ಸಾಲ ಮಾಡಿದಂತೆ.

ಇಂಗಾಲಕ್ಕೆ ಇಂದು ತಿಳಿದಿರುವ ನೇರವಾದ ಮದ್ದು, ಕ್ರಮೇಣ ಕಡಿಮೆ ಸುಡುವುದು. 2019ರಲ್ಲಿ ಪೂರ್ಣಗೊಂಡ ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನದ ಸಾಮರ್ಥ್ಯ 2050 ಮೆಗಾವಾಟ್. ರಾಯಚೂರಿನ ಹಳೆಯ ಸ್ಥಾವರಕ್ಕಿಂತ ಅಂಕಿಯಲ್ಲಿ ಅದು ದೊಡ್ಡದು. ಸೂರ್ಯ ರಾತ್ರಿ ಬೆಳಗುವುದಿಲ್ಲವಾದ್ದರಿಂದ ಇವೆರಡನ್ನೂ ಸಮವೆನ್ನಲಾಗದು. ಕೂಡಿಡುವ ವ್ಯವಸ್ಥೆ ಬೆಳೆಯುವವರೆಗೆ ಕಲ್ಲಿದ್ದಲು ರಾತ್ರಿಯ ಕಾವಲುಗಾರನಾಗಿ ಇರಲೇಬೇಕಾಗಬಹುದು. 2070ರೊಳಗೆ ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರುವುದಾಗಿ ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ ಜಗತ್ತಿಗೆ ಮಾತು ಕೊಟ್ಟಿದೆ. ಎಂದರೆ ಕಲ್ಲಿದ್ದಲು ಇನ್ನೂ ಕೆಲವು ದಶಕ ಉರಿಯುತ್ತದೆ. ಉರಿಯುವುದೇ ಆದರೆ ತೊಳೆದ ಹೊಗೆಯೊಡನೆ ಉರಿಯಲಿ ಎಂಬುದು ಅತಿಯಾದ ಬೇಡಿಕೆಯಲ್ಲ. ಕೆಲವೇ ದಶಕಗಳಿಗೆ ಗೋಪುರವೇಕೆ ಎಂದು ಕೇಳುವವರಿಗೆ, ಆ ದಶಕಗಳಲ್ಲಿಯೇ ಹುಟ್ಟಿ ಬೆಳೆಯುವ ಮಕ್ಕಳನ್ನು ತೋರಿಸಬೇಕಾಗಿದೆ.

ಶಾಲೆಯ ಪ್ರಯೋಗಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಉಸಿರನ್ನು ಊದಿದಾಗ ಅದು ಹಾಲಿನಂತಾಗುವುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ನೋಡಿರುತ್ತಾನೆ. ಹೊಗೆಯನ್ನು ಸುಣ್ಣದಿಂದ ತೊಳೆಯುವ ದೊಡ್ಡ ಗೋಪುರ ಆ ಪಾಠಕ್ಕೆ ಬಹಳ ದೂರದ್ದಲ್ಲ. ಇಂದು ಆ ಪಾತ್ರೆಯ ಮುಂದೆ ನಿಂತ ಬಾಲಕ ಬಾಲಕಿಯರಲ್ಲಿ ಕೆಲವರು ನಾಳೆ ಸ್ಥಾವರಗಳ ಎಂಜಿನಿಯರುಗಳಾಗುವರು, ಕೆಲವರು ಆದೇಶಗಳಿಗೆ ಸಹಿ ಹಾಕುವ ಅಧಿಕಾರಿಗಳಾಗುವರು, ಬಹುಪಾಲು ಜನ ದೀಪದ ಗುಂಡಿಯನ್ನು ಒತ್ತುವ ಸಾಮಾನ್ಯ ಪ್ರಜೆಗಳಾಗುವರು. ಎಂಜಿನಿಯರನು 99ಕ್ಕೂ 99.9ಕ್ಕೂ ಇರುವ ಅಂತರವನ್ನು ಮರೆಯದಿರಲಿ. ಅಧಿಕಾರಿಯು ಗಡುವನ್ನು ಮುಂದೂಡುವ ಮುನ್ನ ಚಿಮಣಿಯ ಬುಡದ ಊರಿನಲ್ಲಿ ಒಂದು ಬೇಸಿಗೆಯನ್ನು ಕಳೆದು ಬರಲಿ. ಪ್ರಜೆಯು ಹೊಗೆಯನ್ನು ತೊಳೆಯುವ ವೆಚ್ಚದಲ್ಲಿ ತನ್ನ ಪಾಲಿನ ಪೈಸೆಗಳನ್ನು ಗೊಣಗದೆ ಕೊಡಲಿ. ಬೆಳಕನ್ನು ಹಂಚಿಕೊಂಡ ನಾಡು ಅದರ ಹೊಣೆಯನ್ನೂ ಹಂಚಿಕೊಳ್ಳುವುದು ನ್ಯಾಯ.